ಜಾವಾದ ಭತ್ತ, ಮಂಜರಾಬಾದಿನ ಗದ್ದೆ

ಸಕಲೇಶಪುರದಿಂದ ಹೆತ್ತೂರು, ವನಗೂರು ದಾಟಿ ಬಿಸಿಲೆಯ ಕಡೆಗೆ ಸಾಗುವ ರಸ್ತೆಯಲ್ಲಿ ಮಳೆಗಾಲದಲ್ಲೊಮ್ಮೆ ಪ್ರಯಾಣಿಸಿದರೆ ಈ ಸೀಮೆಯ ಊರುಗಳ ರಚನೆ ಕಣ್ಣಿಗೆ ಬೀಳುತ್ತದೆ. ಗುಡ್ಡದ ನೆತ್ತಿಯಲ್ಲಿ ಹುಲ್ಲು ಅಥವಾ ಕಾಡು. ಅದರ ಕೆಳಗೆ ಮರಗಳ ನೆರಳಿನಲ್ಲಿ ಕಾಫಿ, ಏಲಕ್ಕಿ, ಮೆಣಸು. ಇಳಿಜಾರಿನ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಎಲ್ಲಕ್ಕಿಂತ ಕೆಳಗೆ, ಎರಡು ಗುಡ್ಡಗಳು ಕೂಡುವ ಕಣಿವೆಯ ತಳದಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಭತ್ತದ ಗದ್ದೆಗಳು. ಬಯಲುಸೀಮೆಯಂತೆ ಇಲ್ಲಿ ಮನೆಗಳು ಒತ್ತಾಗಿ ಕೂಡಿಕೊಂಡು ಊರಾಗುವುದಿಲ್ಲ. ಇಲ್ಲಿ ಊರನ್ನು ಊರಾಗಿ ಹಿಡಿದಿಟ್ಟಿದ್ದು ಗದ್ದೆಯ ಬಯಲು.

ಈ ಗದ್ದೆಗಳಲ್ಲಿ ಹಲವು ದಶಕಗಳ ಕಾಲ ಹೆಚ್ಚಾಗಿ ಬೆಳೆದ ಭತ್ತದ ತಳಿಯ ಹೆಸರು ‘ಇಂಟಾನ್’. ಮಲೆನಾಡಿನ ರೈತರ ಬಾಯಲ್ಲಿ ಇದು ನಮ್ಮದೇ ಹೆಸರೆಂಬಷ್ಟು ಸಲೀಸಾಗಿದೆ. ಆದರೆ ಇದು ಕನ್ನಡದ ಪದವಲ್ಲ. ಇಂಡೊನೇಷ್ಯದ ಭಾಷೆಯಲ್ಲಿ ‘ಇಂಟಾನ್’ ಎಂದರೆ ವಜ್ರ. ಸಮುದ್ರದಾಚೆಯ ಜಾವಾ ದ್ವೀಪದಲ್ಲಿ ರೂಪುಗೊಂಡ ಭತ್ತವೊಂದು ಹೇಮಾವತಿಯ ಕಣಿವೆಗೆ ಬಂದು ನೆಲೆಸಿದ್ದು ಹೇಗೆ? ಅದು ನೆಲೆಸಿದ ಗದ್ದೆಗಳೇ ಈಗ ಒಂದೊಂದಾಗಿ ಕಣ್ಮರೆಯಾಗುತ್ತಿರುವುದು ಏಕೆ? ಈ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಬೆಟ್ಟದ ಊರುಗಳ ಇತಿಹಾಸವನ್ನು ಪರಿಶೀಲಿಸೋಣ.

ನೆಲ ಮತ್ತು ನೀರು

ಸಕಲೇಶಪುರ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಚಿಕ್ಕಮಗಳೂರು ಜಿಲ್ಲೆಯ ಬಲ್ಲಾಳರಾಯನ ದುರ್ಗದ ಬಳಿ ಹುಟ್ಟುವ ಹೇಮಾವತಿ ಈ ಪಟ್ಟಣವನ್ನು ಬಳಸಿಕೊಂಡು ಪೂರ್ವಕ್ಕೆ ಹರಿಯುತ್ತದೆ. ಒಟ್ಟು ಸುಮಾರು 245 ಕಿ.ಮೀ. ಹರಿದು ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಸೇರುತ್ತದೆ. ಪಶ್ಚಿಮ ಘಟ್ಟದ ಅಂಚಿನಿಂದ ಪೂರ್ವಕ್ಕೆ ಬಂದಂತೆ ಮಳೆ ತೀವ್ರವಾಗಿ ಇಳಿಯುತ್ತದೆ. ಸಕಲೇಶಪುರದಲ್ಲಿ ವರ್ಷಕ್ಕೆ 2,000 ಮಿ.ಮೀ. ಮೀರುವ ಮಳೆ ಹಾಸನ ನಗರವನ್ನು ಮುಟ್ಟುವ ವೇಳೆಗೆ ಅದರ ಅರ್ಧಕ್ಕೂ ಕಡಿಮೆಯಾಗುತ್ತದೆ. ಆಲೂರು ಇವೆರಡರ ನಡುವಿನ ಸೀಮೆ. ಅರ್ಧ ಮಲೆನಾಡು, ಅರ್ಧ ಬಯಲು.

ಬಿಸಿಲೆಯ ಸಮೀಪ ಮಂಕನಹಳ್ಳಿಯಲ್ಲಿ ಒಂದು ಏಣು ಇದೆ. ಅದರ ಒಂದು ಬದಿಗೆ ಬಿದ್ದ ಹನಿ ಕಾವೇರಿಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಬದಿಗೆ ಬಿದ್ದದ್ದು ಕುಮಾರಧಾರೆ, ನೇತ್ರಾವತಿಯ ಮೂಲಕ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಭೂಗೋಳದ ಪಾಠದಲ್ಲಿ ‘ಜಲವಿಭಾಜಕ’ ಎಂದು ಓದುವುದನ್ನು ಇಲ್ಲಿ ನಿಂತು ನೋಡಬಹುದು.

ಇಷ್ಟು ಮಳೆ ಬೀಳುವ ಇಳಿಜಾರಿನ ನೆಲದಲ್ಲಿ ಧಾನ್ಯ ಬೆಳೆಯಬೇಕೆಂದರೆ ಎರಡು ಕೆಲಸ ಆಗಬೇಕು. ನೀರಿನ ವೇಗ ತಗ್ಗಬೇಕು, ಮಣ್ಣು ಕೊಚ್ಚಿಹೋಗದೆ ನಿಲ್ಲಬೇಕು. ಕಣಿವೆಯ ತಳವನ್ನು ಸಮತಟ್ಟು ಮಾಡಿ, ಅಂಚು ಕಟ್ಟಿ, ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಇಳಿಯುವಂತೆ ಮಾಡಿದ ಹಿರಿಯರು ಈ ಎರಡನ್ನೂ ಒಂದೇ ಉಪಾಯದಿಂದ ಸಾಧಿಸಿದರು. ಇದು ಒಬ್ಬರ ಕೆಲಸವಲ್ಲ, ಒಂದು ತಲೆಮಾರಿನ ಕೆಲಸವೂ ಅಲ್ಲ.

ಶಾಸನದ ಗದ್ದೆ, ಬಲಂ ಸೀಮೆ

ಇದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಕ್ರಿ.ಶ. 450ರ ಸುಮಾರಿನದೆಂದು ಗುರುತಿಸಲಾದ ಶಾಸನವು ಯುದ್ಧದಲ್ಲಿ ತೋರಿದ ಶೌರ್ಯಕ್ಕಾಗಿ ಗ್ರಾಮಗಳನ್ನು ದತ್ತಿ ನೀಡಿದ್ದನ್ನು ಹೇಳುತ್ತದೆ. ದಾನ ಕೊಡಲು ಯೋಗ್ಯವಾದ, ಆದಾಯವಿದ್ದ ಊರುಗಳು ಮಲೆಯ ಸೆರಗಿನಲ್ಲಿ ಆಗಲೇ ಇದ್ದವೆಂಬುದು ಇದರಿಂದ ಸ್ಪಷ್ಟ. ಬಿ.ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟ ಹಾಸನ ಜಿಲ್ಲೆಯ ಶಾಸನಗಳಿಗೆ ಮೀಸಲಾಗಿದೆ. ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ‘ಗದ್ದೆ’ ಮತ್ತು ‘ಬೆದ್ದಲು’ ಎಂಬ ಜೋಡಿ ಪದಗಳು ಮತ್ತೆ ಮತ್ತೆ ಬರುತ್ತವೆ. ಗದ್ದೆಯೆಂದರೆ ನೀರು ನಿಲ್ಲುವ ನೆಲ, ಬೆದ್ದಲೆಂದರೆ ಮಳೆಯಾಶ್ರಿತ ಒಣ ನೆಲ.

ಗದ್ದೆಯನ್ನು ಅಳೆಯುತ್ತಿದ್ದ ಕ್ರಮವೂ ಗಮನಾರ್ಹ. ಉದ್ದ ಅಗಲಗಳಿಗಿಂತ, ಅದಕ್ಕೆ ಎಷ್ಟು ಬಿತ್ತನೆ ಬೀಜ ಬೇಕು ಎಂಬುದರಿಂದ ಗದ್ದೆಯ ವಿಸ್ತಾರವನ್ನು ಹೇಳುವ ರೂಢಿ ಬಹುಕಾಲ ಇತ್ತು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಇಷ್ಟು ಖಂಡುಗ ಬೀಜದ ಗದ್ದೆ ಎಂದರೆ ಸಾಕಾಗಿತ್ತು. ಅಂಕುಡೊಂಕಾದ ಮೆಟ್ಟಿಲುಗದ್ದೆಗಳಿಗೆ ಸರಪಳಿ ಹಿಡಿದು ಅಳೆಯುವುದಕ್ಕಿಂತ ಈ ಲೆಕ್ಕವೇ ಹೆಚ್ಚು ಅನುಕೂಲ.

ಹೊಯ್ಸಳರ ಮೂಲಸ್ಥಾನವೆನ್ನಲಾದ ಅಂಗಡಿ ಇರುವುದು ಸಕಲೇಶಪುರಕ್ಕೆ ಹೊಂದಿಕೊಂಡ ಮೂಡಿಗೆರೆ ತಾಲ್ಲೂಕಿನಲ್ಲಿ. ‘ಮಲೆಪರೊಳ್ ಗಂಡ’ ಎಂಬುದು ಅವರ ಬಿರುದು. ಮಲೆಪರೆಂದರೆ ಬೆಟ್ಟಸೀಮೆಯ ನಾಯಕರು. ಅವರನ್ನು ಅಂಕೆಗೆ ತಂದದ್ದೇ ಹೆಗ್ಗಳಿಕೆಯಾಗಿ ಬಿರುದಿನಲ್ಲಿ ಸೇರಿತೆಂದರೆ, ಈ ಸೀಮೆ ಸುಲಭವಾಗಿ ಮಣಿಯುವಂಥದಾಗಿರಲಿಲ್ಲ. ಮುಂದೆ ವಿಜಯನಗರದ ಕಾಲದಿಂದ ಇದು ‘ಬಲಂ’ ಎಂಬ ಹೆಸರಿನಲ್ಲಿ ನಾಯಕರ ಆಳ್ವಿಕೆಗೆ ಬಂದಿತು. ಐಗೂರು ಅವರ ನೆಲೆಯಾಯಿತು. 1792ರಲ್ಲಿ ಟಿಪ್ಪು ಸುಲ್ತಾನ್ ದೋಣಿಗಾಲ್ ಬಳಿ ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆ ಕಟ್ಟಿಸಿದ. ಆ ಕೋಟೆಯ ‘ಮಂಜರಾಬಾದ್’ ಎಂಬ ಹೆಸರೇ ತಾಲ್ಲೂಕಿಗೂ ನಿಂತಿತು. ಬಲಂ ನಾಯಕನ ಪ್ರತಿರೋಧ ಆ ಮೇಲೂ ಮುಂದುವರಿದು, 1802ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೇನೆ ಅವನನ್ನು ಸೆರೆಹಿಡಿದು ಗಲ್ಲಿಗೇರಿಸುವುದರೊಂದಿಗೆ ಕೊನೆಗೊಂಡಿತು.

ರಾಜರು ಬದಲಾದರು, ತಾಲ್ಲೂಕಿನ ಹೆಸರು ಬದಲಾಯಿತು. ಆರಿದ್ರಾ ಮಳೆಗೆ ಸಸಿ ಮಡಿ, ಪುನರ್ವಸು ಪುಷ್ಯಕ್ಕೆ ನಾಟಿ, ಧನುರ್ಮಾಸದ ಚಳಿಯಲ್ಲಿ ಕೊಯ್ಲು ಎಂಬ ಕ್ರಮ ಮಾತ್ರ ಬದಲಾಗಲಿಲ್ಲ.

ಹೋದದ್ದು ಕಾಫಿ, ಬಂದದ್ದು ಭತ್ತ

ಹತ್ತೊಂಬತ್ತನೆಯ ಶತಮಾನದಲ್ಲಿ ಗುಡ್ಡದ ಇಳಿಜಾರಿನ ಚಿತ್ರ ಬದಲಾಯಿತು. 1843ರಲ್ಲಿ ಗ್ರೀನ್ ಎಂಬ ಯೂರೋಪಿಯನ್ ಪ್ಲಾಂಟರ್ ಮಂಜರಾಬಾದಿನಲ್ಲಿ ಕಾಫಿ ತೋಟ ತೆರೆದ. 1856ರಲ್ಲಿ ಇಲ್ಲಿ ನೆಲೆಸಿದ ರಾಬರ್ಟ್ ಎಲಿಯಟ್ 1871 ಮತ್ತು 1894ರಲ್ಲಿ ಪ್ರಕಟಿಸಿದ ತನ್ನ ಪುಸ್ತಕಗಳಲ್ಲಿ ಮಂಜರಾಬಾದಿನ ಜನಜೀವನ, ಕೃಷಿ, ಬೇಟೆಗಳನ್ನು ಕುರಿತು ವಿವರವಾಗಿ ಬರೆದಿದ್ದಾನೆ. ಇಳಿಜಾರಿಗೆ ಕಾಫಿ, ಕಣಿವೆಗೆ ಭತ್ತ ಎಂಬ ಇಂದಿನ ಜೋಡಿ ವ್ಯವಸ್ಥೆ ಬಲಗೊಂಡಿದ್ದು ಈ ಕಾಲದಲ್ಲಿ. ಕಾಫಿ ಹಣ ತಂದಿತು, ಭತ್ತ ಊಟ ಕೊಟ್ಟಿತು. ಕಾಫಿಯ ಬೆಲೆ ಬಿದ್ದ ವರ್ಷವೂ ಮನೆಯ ಪಣತದಲ್ಲಿ ಭತ್ತವಿದ್ದರೆ ಅಕ್ಕಿ ರೊಟ್ಟಿ, ಕಡುಬಿಗೆ ಕೊರತೆಯಿರಲಿಲ್ಲ.

ಕಾಫಿಗೂ ಜಾವಾಕ್ಕೂ ಇರುವ ನಂಟನ್ನು ಇಲ್ಲಿ ನೆನೆಯಬೇಕು. ಡಚ್ಚರು 1696ರಲ್ಲಿ ಭಾರತದ ಮಲಬಾರ್ ಕರಾವಳಿಯಿಂದ ಕಾಫಿ ಗಿಡಗಳನ್ನು ಜಾವಾಕ್ಕೆ ಒಯ್ದರು. ಆ ಗಿಡಗಳು ನೆರೆಯಲ್ಲಿ ಹಾಳಾದವು. 1699ರಲ್ಲಿ ಮತ್ತೆ ಒಯ್ದರು, ಈ ಬಾರಿ ಗಿಡಗಳು ಬೇರೂರಿದವು. ಹೀಗೆ ನಮ್ಮ ಪಶ್ಚಿಮ ಕರಾವಳಿಯಿಂದ ಜಾವಾಕ್ಕೆ ಕಾಫಿ ಹೋಯಿತು. ಸುಮಾರು ಎರಡೂವರೆ ಶತಮಾನಗಳ ಬಳಿಕ ಜಾವಾದಿಂದ ನಮ್ಮ ಬೆಟ್ಟಗಳಿಗೆ ಭತ್ತ ಬಂದಿತು.

ಆ ಭತ್ತದ ಹುಟ್ಟು ಸ್ವಾರಸ್ಯಕರವಾಗಿದೆ. ಜಾವಾದ ಬೋಗೋರ್ ಪಟ್ಟಣದಲ್ಲಿ ಡಚ್ಚರ ಕಾಲದಲ್ಲಿ ನಡೆದ ಭತ್ತದ ತಳಿ ಸಂವರ್ಧನೆಯಲ್ಲಿ ಎರಡು ತಳಿಗಳ ಸಂಕರ ಮುಖ್ಯವಾಯಿತು. ಒಂದು ಚೀನಾ ಮೂಲದ ‘ಚೀನಾ’, ಇನ್ನೊಂದು ಬಂಗಾಳದ ‘ಲತಿಸೈಲ್’. ಈ ಸಂಕರದಿಂದ ಹೊರಬಂದ ತಳಿಗಳ ಕುಟುಂಬದಲ್ಲಿ ‘ಪೇಟಾ’, ‘ಇಂಟಾನ್’ ಸೇರಿವೆ. ಪೇಟಾ ಜಗತ್ಪ್ರಸಿದ್ಧವಾಯಿತು. ಫಿಲಿಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಅದನ್ನು ತೈವಾನಿನ ಗಿಡ್ಡ ತಳಿಯೊಂದಿಗೆ ಕೂಡಿಸಿ 1966ರಲ್ಲಿ ‘ಐಆರ್-8’ ತಳಿಯನ್ನು ಬಿಡುಗಡೆ ಮಾಡಿತು. ಹಸಿರು ಕ್ರಾಂತಿಯ ಭತ್ತವೆಂದು ಪಾಠಪುಸ್ತಕಗಳು ಹೇಳುವುದು ಇದನ್ನೇ. ಒಡಹುಟ್ಟಿದ ಪೇಟಾ ಬಯಲುಗಳ ಹಸಿರು ಕ್ರಾಂತಿಗೆ ತಾಯಿಯಾದರೆ, ಇಂಟಾನ್ ಸದ್ದಿಲ್ಲದೆ ಕರ್ನಾಟಕದ ಮಲೆನಾಡಿಗೆ ಬಂದು ಹಾಸನ, ಚಿಕ್ಕಮಗಳೂರು, ಕೊಡಗಿನ ಗದ್ದೆಗಳಲ್ಲಿ ನೆಲೆಯೂರಿತು. ಅದರ ಪೂರ್ವಜರಲ್ಲಿ ಒಂದು ಬಂಗಾಳದ್ದು ಎಂಬುದನ್ನು ನೆನೆದರೆ, ಭಾರತದಿಂದ ಹೋದ ಭತ್ತದ ಒಂದು ಅಂಶ ಜಾವಾವನ್ನು ಸುತ್ತಿ ಮರಳಿ ಭಾರತಕ್ಕೆ ಬಂದಂತಾಯಿತು.

ಇದು ಒಂಟಿ ಉದಾಹರಣೆಯಲ್ಲ. ನಮ್ಮ ಅಂಗಡಿಗಳಲ್ಲಿ ಕೊಳ್ಳುವ ‘ಸೋನಾ ಮಸೂರಿ’ ಅಕ್ಕಿಯ ಹೆಸರಿನ ಉತ್ತರಾರ್ಧ, ಮಲೇಷ್ಯದಲ್ಲಿ 1965ರಲ್ಲಿ ಬಿಡುಗಡೆಯಾದ ‘ಮಹಸೂರಿ’ ತಳಿಯದು. ಅದಕ್ಕೂ ಮೈಸೂರಿಗೂ ಸಂಬಂಧವಿಲ್ಲ.

ಮಂಜು ಮತ್ತು ಬೆಂಕಿ ರೋಗ

ಅಧಿಕ ಇಳುವರಿಯ ಗಿಡ್ಡ ತಳಿಗಳು ಬಯಲುಸೀಮೆಯನ್ನು ಗೆದ್ದರೂ ಇಂಟಾನ್‌ನಂಥ ಎತ್ತರದ ತಳಿ ಈ ಬೆಟ್ಟಗಳಲ್ಲಿ ಏಕೆ ಉಳಿಯಿತು? ಉತ್ತರವನ್ನು ಮಂಜಿನಲ್ಲಿ ಹುಡುಕಬೇಕು.

ಭತ್ತಕ್ಕೆ ಬರುವ ‘ಬೆಂಕಿ ರೋಗ’ಕ್ಕೆ ಕಾರಣ ಮ್ಯಾಗ್ನಪೋರ್ತೆ ಒರೈಜೆ ಎಂಬ ಶಿಲೀಂಧ್ರ. ಎಲೆಯ ಮೇಲೆ ಕದಿರಿನಾಕಾರದ, ನಡುವೆ ಬೂದುಬಣ್ಣದ ಚುಕ್ಕೆಗಳು ಮೂಡುತ್ತವೆ. ರೋಗ ತೆನೆಯ ಕುತ್ತಿಗೆಗೆ ತಗುಲಿದರೆ ಕಾಳು ಜೊಳ್ಳಾಗುತ್ತದೆ. ಬೆಂಕಿ ತಗುಲಿ ಸುಟ್ಟಂತೆ ಗದ್ದೆ ಕಾಣುವುದರಿಂದ ಈ ಹೆಸರು. ಶಿಲೀಂಧ್ರದ ಬೀಜಕ ಎಲೆಯ ಮೇಲೆ ಮೊಳೆಯಬೇಕಾದರೆ ಎಲೆ ಬಹಳ ಹೊತ್ತು ತೇವವಾಗಿರಬೇಕು, ಹವೆ ತಂಪಾಗಿರಬೇಕು. ಮಲೆನಾಡಿನ ಮಂಜು, ಜಡಿಮಳೆ, ಇಬ್ಬನಿಗಳು ಇದಕ್ಕೆ ಹೇಳಿಮಾಡಿಸಿದ ಪರಿಸರ. ಮೊಳೆತ ಬೀಜಕ ಗುಮ್ಮಟದಂಥ ಒಂದು ಅಂಗವನ್ನು ರೂಪಿಸಿಕೊಂಡು, ಅದರೊಳಗೆ ವಾಯುಮಂಡಲದ ಒತ್ತಡದ ಸುಮಾರು 80 ಪಟ್ಟು ಒತ್ತಡವನ್ನು ಕೂಡಿಟ್ಟು, ಎಲೆಯ ಹೊರಪದರವನ್ನು ತೂತು ಮಾಡಿ ಒಳನುಗ್ಗುತ್ತದೆ. ಕಣ್ಣಿಗೆ ಕಾಣದ ಜೀವಿಯೊಂದರ ಈ ಬಲ ಬೆರಗು ಹುಟ್ಟಿಸುವಂಥದು.

ಸಾರಜನಕ ಗೊಬ್ಬರ ಹೆಚ್ಚಾದಷ್ಟೂ ಈ ರೋಗ ಉಲ್ಬಣಿಸುತ್ತದೆ. ಗಿಡ್ಡ ತಳಿಗಳು ಹೆಚ್ಚು ಇಳುವರಿ ಕೊಡುವುದು ಹೆಚ್ಚು ಗೊಬ್ಬರ ಹಾಕಿದಾಗ. ಹೀಗಾಗಿ ಬಯಲಿನಲ್ಲಿ ಲಾಭವಾಗಿದ್ದುದು ಬೆಟ್ಟದಲ್ಲಿ ಅಪಾಯವಾಯಿತು. ಬೆಂಕಿ ರೋಗವನ್ನು ತಾಳಿಕೊಳ್ಳುವ ಗುಣ ಇಂಟಾನ್‌ಗೆ ಇತ್ತು. ಐದು ತಿಂಗಳಿನಷ್ಟು ದೀರ್ಘವಾದ ಅದರ ಅವಧಿ ವರ್ಷಕ್ಕೆ ಒಂದೇ ಬೆಳೆ ತೆಗೆಯುವ ಈ ಗದ್ದೆಗಳಿಗೆ ಒಪ್ಪುತ್ತಿತ್ತು. ಎತ್ತರದ ಪೈರಾದ್ದರಿಂದ ದನಗಳಿಗೆ ಹುಲ್ಲೂ ಧಾರಾಳ. ಕಾಳಿನಷ್ಟೇ ಹುಲ್ಲಿನ ಮೆದೆಯೂ ರೈತನಿಗೆ ಮುಖ್ಯವೆಂಬುದನ್ನು ಇಳುವರಿಯ ಅಂಕಿಸಂಖ್ಯೆ ಹೇಳುವುದಿಲ್ಲ.

ಆದರೆ ರೋಗನಿರೋಧಕತೆ ಶಾಶ್ವತವಲ್ಲ. ಶಿಲೀಂಧ್ರದ ಹೊಸ ಹೊಸ ಪ್ರಭೇದಗಳು ಹುಟ್ಟುತ್ತಲೇ ಇರುತ್ತವೆ. ಆದ್ದರಿಂದಲೇ ನೆರೆಯ ಮೂಡಿಗೆರೆಯ ಸಂಶೋಧನಾ ಕೇಂದ್ರದಲ್ಲಿ ಗುಡ್ಡಗಾಡು ವಲಯಕ್ಕೆ ಹೊಂದುವ ಭತ್ತದ ಬಗ್ಗೆ ಕೆಲಸ ನಡೆಯುತ್ತ ಬಂದಿದೆ. ‘ತುಂಗಾ’ ಮತ್ತು ಕೆ.ಎಚ್.ಪಿ. ಸರಣಿಯ ತಳಿಗಳು ಈ ವಲಯಕ್ಕೆಂದೇ ಬಂದವು. ಇವುಗಳ ಜೊತೆಗೆ ಗಂಧಸಾಲೆಯಂಥ ಪರಿಮಳದ ತಳಿ, ಜಿಲ್ಲೆಯ ಹೆಮ್ಮೆಯಾದ ರಾಜಮುಡಿ ಕೂಡ ಅಲ್ಲಲ್ಲಿ ಉಳಿದಿವೆ.

ಗದ್ದೆಯೂ ಒಂದು ಕೆರೆ

ಗದ್ದೆಯ ಕೆಸರಿನಲ್ಲಿ ಏನು ನಡೆಯುತ್ತದೆಂದು ನೋಡೋಣ. ಉತ್ತು ಕೆಸರು ಮಾಡುವಾಗ ಮಣ್ಣಿನ ಹರಳುಗಳು ಒಡೆದು ಸೂಕ್ಷ್ಮ ಕಣಗಳು ರಂಧ್ರಗಳನ್ನು ಮುಚ್ಚುತ್ತವೆ. ವರ್ಷ ವರ್ಷವೂ ಹೀಗೆ ಮಾಡಿದಾಗ ತಳದಲ್ಲೊಂದು ಗಟ್ಟಿ ಪದರ ಏರ್ಪಟ್ಟು ನೀರು ಬೇಗ ಇಂಗುವುದಿಲ್ಲ. ನಿಂತ ನೀರಿನ ಕೆಳಗೆ ಆಮ್ಲಜನಕವಿರುವುದು ಮೇಲಿನ ಕೆಲವೇ ಮಿಲಿಮೀಟರ್‌ನಷ್ಟು ಮಣ್ಣಿನಲ್ಲಿ. ಅದರ ಕೆಳಗಿನ ಆಮ್ಲಜನಕರಹಿತ ಪದರದಲ್ಲಿ ಸಾರಜನಕ ಅಮೋನಿಯಂ ರೂಪದಲ್ಲಿ ಉಳಿಯುತ್ತದೆ, ರಂಜಕ ಬೇರಿಗೆ ಸುಲಭವಾಗಿ ಸಿಗುತ್ತದೆ, ಹೆಚ್ಚಿನ ಕಳೆಗಳು ಮೊಳೆಯಲಾರವು. ನೀರಿನಲ್ಲಿ ಬೆಳೆಯುವ ನೀಲಿ-ಹಸಿರು ಪಾಚಿ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ. ಭತ್ತದ ಗದ್ದೆಯಲ್ಲಿ ಈ ಪಾಚಿಯ ಪಾತ್ರವನ್ನು 1939ರಲ್ಲಿ ತೋರಿಸಿದವರು ಭಾರತೀಯ ವಿಜ್ಞಾನಿ ಪಿ.ಕೆ. ಡೇ. ಶತಮಾನಗಳಿಂದ ಒಂದೇ ಗದ್ದೆಯಲ್ಲಿ ಒಂದೇ ಬೆಳೆ ತೆಗೆದರೂ ನೆಲ ಬರಡಾಗದಿರುವ ಗುಟ್ಟು ಇಲ್ಲಿದೆ.

ಈಗ ಒಂದು ಸಣ್ಣ ಲೆಕ್ಕ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅದರಲ್ಲಿ 10 ಸೆಂ.ಮೀ. ನೀರು ನಿಂತರೆ ಸುಮಾರು 405 ಘನ ಮೀಟರ್, ಅಂದರೆ ನಾಲ್ಕು ಲಕ್ಷ ಲೀಟರ್ ಮೀರುತ್ತದೆ. ನೂರು ಎಕರೆಯ ಬಯಲಿನಲ್ಲಿ ನಾಲ್ಕು ಕೋಟಿ ಲೀಟರ್. ಒಂದೇ ಸಲ ಸುರಿದ ಮಳೆಯನ್ನು ಹಿಡಿದು, ನಿಧಾನವಾಗಿ ಹಳ್ಳಕ್ಕೆ ಬಿಡುವ ಸಾವಿರಾರು ಪುಟ್ಟ ಕೆರೆಗಳ ಸಾಲು ಇದು. ಹೇಮಾವತಿಯ ತಲೆಯ ಮೇಲೆ ಹೀಗೆ ನೀರನ್ನು ನಿಲ್ಲಿಸಿಕೊಳ್ಳುವ ಗದ್ದೆಗಳು, ಕೆಳಗೆ ಗೊರೂರಿನಲ್ಲಿ 1979ರಲ್ಲಿ ಪೂರ್ಣಗೊಂಡ ಅಣೆಕಟ್ಟಿಗೂ ಸಹಾಯಕವೇ.

ಗದ್ದೆಯ ಇನ್ನೊಂದು ಮುಖವನ್ನೂ ಹೇಳಬೇಕು. ಆಮ್ಲಜನಕವಿಲ್ಲದ ಕೆಸರಿನಿಂದ ಮೀಥೇನ್ ಹೊರಬರುತ್ತದೆ. ಅದು ಭೂಮಿಯ ತಾಪ ಏರಿಸುವ ಅನಿಲ. ನೀರನ್ನು ಆಗಾಗ ಬಸಿದು ಮತ್ತೆ ನಿಲ್ಲಿಸುವುದರಿಂದ ಇದನ್ನು ತಗ್ಗಿಸಬಹುದು. ಆದರೆ ಎಡೆಬಿಡದ ಮಳೆಯ ಕಣಿವೆಯಲ್ಲಿ ಅದು ಸುಲಭವಲ್ಲ.

ಬೀಳುಬಿದ್ದ ಬಯಲು

ಇಂದು ಇದೇ ಕಣಿವೆಗಳಲ್ಲಿ ಹಲವು ಗದ್ದೆಗಳು ನಾಟಿ ಕಾಣದೆ ಹುಲ್ಲು ಬೆಳೆದು ನಿಂತಿವೆ. ಕೆಲವನ್ನು ಕಾಲುವೆ ತೋಡಿ ಬಸಿದು ಶುಂಠಿ ಹಾಕಲಾಗಿದೆ, ಕೆಲವು ಅಡಿಕೆ ಅಥವಾ ಕಾಫಿ ತೋಟಗಳಾಗಿವೆ. ಕಾರಣಗಳು ಹಲವು.

ಮೊದಲನೆಯದು ದುಡಿಮೆ. ಗೊರಬು ಹೊದ್ದು ಜಡಿಮಳೆಯಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡುತ್ತಿದ್ದವರು ಬಹುಪಾಲು ಹೆಂಗಸರು, ಅದರಲ್ಲೂ ಸ್ವಂತ ಗದ್ದೆಯಿಲ್ಲದ ಮನೆಗಳವರು. ಜೀತಪದ್ಧತಿಯನ್ನು 1976ರ ಕಾಯಿದೆ ನಿಷೇಧಿಸಿತು. 1974ರ ಭೂಸುಧಾರಣೆ ಗೇಣಿದಾರರಿಗೆ ಗದ್ದೆಯ ಒಡೆತನ ಕೊಡಿಸಿತು. ಆದರೆ ಕಾಫಿ, ಏಲಕ್ಕಿಯಂಥ ಪ್ಲಾಂಟೇಷನ್ ಭೂಮಿಗೆ ಆ ಕಾಯಿದೆಯ ಮಿತಿಯಿಂದ ವಿನಾಯಿತಿ ಇತ್ತು. ಹಳೆಯ ಊರಿನ ಅನ್ನ ಅಗ್ಗದ ದುಡಿಮೆಯ ಮೇಲೆ ನಿಂತಿತ್ತೆಂಬುದನ್ನು ಮರೆತು ‘ಹಿಂದೆ ಎಲ್ಲ ಚೆನ್ನಾಗಿತ್ತು’ ಎನ್ನುವುದು ಇತಿಹಾಸವಾಗದು. ಇಂದು ನ್ಯಾಯವಾದ ಕೂಲಿ ಕೊಟ್ಟು ಒಂದು ಬೆಳೆ ತೆಗೆದರೆ ಭತ್ತದ ಬೆಲೆಯಲ್ಲಿ ಖರ್ಚು ಹುಟ್ಟುವುದು ಕಷ್ಟ.

ಎರಡನೆಯದು ಆನೆ. ಆಲೂರು-ಸಕಲೇಶಪುರ ಸೀಮೆಯಲ್ಲಿ ಕಾಡು ತುಂಡು ತುಂಡಾಗಿದೆ, ಆನೆಗಳು ತೋಟಗಳ ನಡುವೆಯೇ ಓಡಾಡುತ್ತವೆ. ಪ್ರೊ. ರಾಮನ್ ಸುಕುಮಾರ್ ಅಧ್ಯಕ್ಷತೆಯ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ಸಲ್ಲಿಸಿದ ವರದಿ ಈ ಸೀಮೆಯಿಂದ ಆನೆಗಳನ್ನು ಸ್ಥಳಾಂತರಿಸಬೇಕೆಂದು ಶಿಫಾರಸು ಮಾಡಿತು. 2014ರಲ್ಲಿ ಅನೇಕ ಆನೆಗಳನ್ನು ಹಿಡಿಯಲಾಯಿತು. ಸಮಸ್ಯೆ ಅಲ್ಲಿಗೆ ಮುಗಿಯಲಿಲ್ಲ. ಹಾಲುಗಟ್ಟಿದ ತೆನೆ ಆನೆಗೆ ಪ್ರಿಯ. ವರ್ಷದ ಬೆಳೆ ಒಂದೇ ರಾತ್ರಿಗೆ ಹೋಗಬಹುದೆಂಬ ಭಯವಿದ್ದಲ್ಲಿ ನಾಟಿಗೆ ಇಳಿಯುವವರು ಕಡಿಮೆ.

ಮೂರನೆಯ ಕಾರಣವನ್ನು ಅರಿಯಲು ಮತ್ತೆ ಇಂಡೊನೇಷ್ಯದ ಕಡೆ ನೋಡಬಹುದು. ಬಾಲಿ ದ್ವೀಪದಲ್ಲಿ ಒಂದೇ ಕಾಲುವೆಯ ನೀರುಣ್ಣುವ ರೈತರೆಲ್ಲ ಸೇರಿದ ‘ಸುಬಾಕ್’ ಎಂಬ ಸಂಘಟನೆಗಳಿವೆ. ಯಾವ ಗದ್ದೆಗೆ ಎಂದು ನೀರು, ಎಂದು ನಾಟಿ ಎಂಬುದನ್ನು ಜಲದೇವಾಲಯಗಳ ಸುತ್ತ ಸೇರಿ ಅವು ತೀರ್ಮಾನಿಸುತ್ತವೆ. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಹೆಸರಿನಲ್ಲಿ ರೈತರು ತಮತಮಗೆ ತೋಚಿದಂತೆ ನಾಟಿ ಮಾಡತೊಡಗಿದಾಗ ನೀರಿನ ಕೊರತೆಯೂ ಕೀಟಗಳ ಹಾವಳಿಯೂ ಹೆಚ್ಚಿದವು. ಎಲ್ಲರೂ ಒಟ್ಟಿಗೆ ನೆಟ್ಟು ಒಟ್ಟಿಗೆ ಕೊಯ್ದರೆ ನಡುವಿನ ಅವಧಿಯಲ್ಲಿ ಕೀಟಗಳಿಗೆ ಆಹಾರ ಸಿಗದು ಎಂಬುದನ್ನು ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ವಿವರಿಸಿದರು. 2012ರಲ್ಲಿ ಯುನೆಸ್ಕೊ ಸುಬಾಕ್ ಭೂದೃಶ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ಬೆಟ್ಟದ ಬಯಲಿಗೂ ಇದೇ ತರ್ಕ ಅನ್ವಯಿಸುತ್ತದೆ. ಮೇಲಿನ ಗದ್ದೆ ಬೀಳುಬಿದ್ದರೆ ಅದರ ಅಂಚು ಒಡೆದು ಕೆಳಗಿನ ಗದ್ದೆಗೆ ಮಣ್ಣು ನುಗ್ಗುತ್ತದೆ. ನಡುವಿನದನ್ನು ಶುಂಠಿಗಾಗಿ ಬಸಿದರೆ ಅಕ್ಕಪಕ್ಕದಲ್ಲಿ ನೀರು ನಿಲ್ಲುವುದಿಲ್ಲ. ಇಡೀ ಬಯಲಿನಲ್ಲಿ ಒಂದೇ ಗದ್ದೆ ಭತ್ತ ಹೊತ್ತು ನಿಂತರೆ ಹಕ್ಕಿ, ಇಲಿ, ಹಂದಿ, ಆನೆ ಎಲ್ಲವೂ ಅಲ್ಲಿಗೇ ಬರುತ್ತವೆ. ಹಾಗಾಗಿ ಭತ್ತ ಬಿಡುವ ತೀರ್ಮಾನ ಒಬ್ಬನದಾದರೂ ಪರಿಣಾಮ ಒಬ್ಬನದಲ್ಲ. ಕೊನೆಯವರೆಗೂ ನಾಟಿ ಮಾಡುವವನೇ ಹೆಚ್ಚು ನಷ್ಟ ಹೊರುತ್ತಾನೆ. ಗದ್ದೆ ಹಿಡಿದಿಡುವ ನೀರಿನ ಪ್ರಯೋಜನ ಕೆಳಗಿನ ಬಯಲುಸೀಮೆಗೆ, ನಗರಗಳಿಗೆ ಸಿಗುತ್ತದೆ. ಅದರ ಖರ್ಚು ಮಾತ್ರ ಮೇಲಿನ ರೈತನದು. ಈ ಲೆಕ್ಕ ಸರಿಯಾಗದೆ ‘ಗದ್ದೆ ಉಳಿಸಿ’ ಎಂದು ಉಪದೇಶಿಸಿ ಫಲವಿಲ್ಲ.

ತರಗತಿಯಿಂದ ಗದ್ದೆಗೆ

ಈ ಭಾಗದ ಶಾಲಾ ಕಾಲೇಜುಗಳ ಅಧ್ಯಾಪಕರು ವಿದ್ಯಾರ್ಥಿಗಳೊಂದಿಗೆ ಮಾಡಬಹುದಾದ ಕೆಲಸವೊಂದಿದೆ. ತಮ್ಮ ಊರಿನ ಒಂದು ಬಯಲನ್ನು ಆರಿಸಿಕೊಂಡು ಅದರ ನಕ್ಷೆ ಬರೆಯುವುದು. ಯಾವ ಗದ್ದೆಯ ನೀರು ಯಾವುದಕ್ಕೆ ಇಳಿಯುತ್ತದೆ, ಯಾವುದರಲ್ಲಿ ಭತ್ತವಿದೆ, ಯಾವುದು ಎಂದಿನಿಂದ ಬೀಳುಬಿದ್ದಿದೆ ಎಂದು ಗುರುತಿಸುವುದು. ನಿಂತ ನೀರಿನ ಆಳವನ್ನು ಅಳತೆಪಟ್ಟಿಯಿಂದ ಅಳೆದು ಮೇಲಿನ ಲೆಕ್ಕವನ್ನು ತಾವೇ ಮಾಡುವುದು. ಊರಿನ ಹಿರಿಯರನ್ನು, ಮುಖ್ಯವಾಗಿ ನಾಟಿ ಮಾಡಿದ ಅಜ್ಜಿಯರನ್ನು ಕಂಡು ಅವರು ಬೆಳೆದ ತಳಿಗಳ ಹೆಸರುಗಳನ್ನು ಬರೆದುಕೊಳ್ಳುವುದು. ಐದು ವರ್ಷಗಳ ಬಳಿಕ ಇನ್ನೊಂದು ತಂಡ ಅದೇ ನಕ್ಷೆಯನ್ನು ಮತ್ತೆ ಬರೆದರೆ ಅದು ಅಮೂಲ್ಯ ದಾಖಲೆಯಾಗುತ್ತದೆ.

ಆ ಹೆಸರುಗಳ ಪಟ್ಟಿಯಲ್ಲಿ ‘ಇಂಟಾನ್’ ಖಂಡಿತ ಇರುತ್ತದೆ. ಬಂಗಾಳ ಮತ್ತು ಚೀನಾದ ರೈತರು ಕಾಪಾಡಿದ ಬೀಜ, ಜಾವಾದ ಪ್ರಯೋಗ ಕ್ಷೇತ್ರ, ಮಲೆನಾಡಿನ ಹೆಂಗಸರ ಕೈ, ಹೇಮಾವತಿಯ ನೀರು ಇವೆಲ್ಲ ಕೂಡಿದ್ದರಿಂದ ಆ ಅನ್ನ ನಮ್ಮ ಎಲೆಗೆ ಬಂದಿತು. ತಳಿಯ ಬೀಜವನ್ನು ಶೀತಲಗೃಹದಲ್ಲಿ ಇಟ್ಟು ಉಳಿಸಿಕೊಳ್ಳಬಹುದು. ಅದು ಬೆಳೆಯುವ ಗದ್ದೆಯನ್ನು, ಅಂಚು ಕಟ್ಟುವ ತಿಳಿವಳಿಕೆಯನ್ನು ಹಾಗೆ ಇಡಲು ಬರುವುದಿಲ್ಲ. ಅವು ಪ್ರತಿ ವರ್ಷದ ಪುನರ್ವಸು ಮಳೆಯಲ್ಲಿ ಮತ್ತೆ ಆಗಬೇಕಾದ ಕೆಲಸ.